ಯಲ್ಲಾಪುರ ದಾರಿಯ ಬಾಣಂತಿ ತಿರುವು

ಯಲ್ಲಾಪುರದ ಖಾನಾವಳಿಯಲ್ಲಿ ಅವಲಕ್ಕಿ ತಿಂದು, ಚಹಾ ಕುಡಿದು, ಹದಿನಾಲ್ಕು ಆಣೆ ಕೊಟ್ಟು ಶಿರಸಿಯ ಬೆಳಗಿನ ಸರ್ವಿಸ್ ಮೋಟಾರು ಹತ್ತಿದೆ. ದೆವ್ವವಿದೆ ಎಂದು ಜನ ಹೇಳುವ ಜಾಗಗಳನ್ನು ಹುಡುಕಿಕೊಂಡು ಹೋಗುವ ಹುಚ್ಚು ನನ್ನದು. ಹಿಂದಿನ ವಾರ ಸಿದ್ದಾಪುರದ ಕಡೆಯ ಒಂದು ಹಾಳು ಕೋಟೆಯಲ್ಲಿ ಮಧ್ಯಾಹ್ನವಿಡೀ ಕಾದು, ಇರುವೆಗಳಿಂದ ಕಚ್ಚಿಸಿಕೊಂಡು ಬಂದಿದ್ದೆ. ಇನ್ನು ಉಳಿದಿದ್ದು ಈ ಮೂವತ್ತು ಮೈಲು ದಾರಿಯ ನಡುವೆ ಇರುವ ಬಾಣಂತಿ ತಿರುವು.

ಚಳಿಗಾಲದ ಮಂಜು ಇನ್ನೂ ಸರಿದಿರಲಿಲ್ಲ. ಡ್ರೈವರ್ ಸಾಹೇಬರು ಆ ಜಾಗದ ಕಥೆ ಹೇಳಿದರು. ಹತ್ತೊಂಬತ್ತು ವರ್ಷದ ಹಿಂದೆ, ಮೋಟಾರು ಇಲ್ಲದ ಕಾಲದಲ್ಲಿ, ಹೆರಿಗೆ ಕಷ್ಟವಾದ ಹೆಂಗಸೊಬ್ಬಳನ್ನು ಕಂಬಳಿ ಜೋಲಿಯಲ್ಲಿ ಶಿರಸಿ ದವಾಖಾನೆಗೆ ಹೊತ್ತು ತರುತ್ತಿದ್ದರಂತೆ. ಅವಳು ಆ ತಿರುವಿನಲ್ಲೇ ಹೆತ್ತು, ಅಲ್ಲೇ ತೀರಿಕೊಂಡಳಂತೆ. ಮಗು ಮಾತ್ರ ಉಳಿಯಿತಂತೆ. ಅಂದಿನಿಂದ ಅವಳು ದೆವ್ವವಾಗಿ ದಾರಿಹೋಕರ ಬೆನ್ನು ಹತ್ತುತ್ತಾಳೆ, ಬಸುರಿಯರನ್ನಂತೂ ಬಿಡುವುದೇ ಇಲ್ಲ ಎಂದು ಜನರ ನಂಬಿಕೆ. ಅದಕ್ಕೇ ಎಲ್ಲರೂ ಅಲ್ಲಿ ಒಂದೊಂದು ಹಸಿರು ಟೊಂಗೆ ಎಸೆದು ಹೋಗುತ್ತಾರೆ. ಸಾಹೇಬರು ನನಗೂ ಒಂದು ಟೊಂಗೆ ಕೊಟ್ಟರು. ಓದಿದವನೆಂಬ ಜಂಬವನ್ನು ಬದಿಗಿಟ್ಟು ತೆಗೆದುಕೊಂಡೆ.

ಹಿಂದಿನ ಸೀಟಿನಲ್ಲಿ ಒಬ್ಬಳು ತುಂಬು ಬಸುರಿ, ಪಕ್ಕದಲ್ಲಿ ಅವಳ ಚಿಕ್ಕಮ್ಮ. ಚೊಚ್ಚಲ ಹೆರಿಗೆಗೆಂದು ವಾನಳ್ಳಿಯ ಚಿಕ್ಕಮ್ಮನ ಮನೆಗೆ ಹೊರಟಿದ್ದರು. ತಿರುವು ಬಂದಾಗ ಹುಡುಗಿ ಮೋಟಾರು ನಿಲ್ಲಿಸಲು ಹೇಳಿದಳು. ಚಿಕ್ಕಮ್ಮ ಗಾಬರಿಯಾಗಿ ಅವಳ ರಟ್ಟೆ ಹಿಡಿದುಕೊಂಡು, ಈ ಸ್ಥಿತಿಯಲ್ಲಿ ಇಲ್ಲಿ ಕಾಲಿಡುವುದು ಬೇಡವೇ ಬೇಡ ಎಂದರು. ಸಾಹೇಬರೂ ಹಿಂದೆಮುಂದೆ ನೋಡಿದರು.

“ಬೇರೆಯವಕ್ಕೆ ಅದು ದೆವ್ವ, ಚಿಕ್ಕಿ. ಯಂಗೆ ಆಯಿ,” ಎಂದಳು ಹುಡುಗಿ. “ಆನು ಅದರ ಮೋರೆ ನೋಡಿದ್ನಿಲ್ಲೆ. ಎಲ್ಲವ್ವೂ ಹೆರಿಗೆಗೆ ಆಯಿ ಹತ್ರ ಹೋಗ್ತ. ಆನೂ ಒಂದ್ಸಲ ಹೋಗಿ ಬತ್ತೆ.”

ಅವಳು ಆಯಿ ಎಂದದ್ದು ಹೆತ್ತ ತಾಯಿಯನ್ನು, ಅಂದು ಉಳಿದ ಮಗು ಅವಳೇ ಎಂದು ನನಗೆ ತಿಳಿದದ್ದು ಆಗ. ಕೈಯಲ್ಲಿದ್ದ ಟೊಂಗೆಯನ್ನು ಎಲ್ಲಿ ಬಚ್ಚಿಡಲಿ ಎನ್ನುವಷ್ಟು ನಾಚಿಕೆಯಾಯಿತು. ಸಾಹೇಬರು ಇಳಿದು ಅವಳಿಗೆ ಬಾಗಿಲು ತೆರೆದರು.

ರಸ್ತೆಯಂಚಿನಲ್ಲಿ ಸೊಂಟದೆತ್ತರ ಒಣಸೊಪ್ಪಿನ ರಾಶಿ ಬಿದ್ದಿತ್ತು. ಹುಡುಗಿ ಕಷ್ಟಪಟ್ಟು ಅದರ ಪಕ್ಕ ಕೂತು, ಎರಡೂ ಕೈಯಿಂದ ಸೊಪ್ಪನ್ನು ಸರಿಸತೊಡಗಿದಳು. ಒಂದು ಮೊಳ ನೆಲ ಕಂಡಾಗ ಅಲ್ಲಿ ಅಂಗೈ ಊರಿದಳು. ನನ್ನ ಕಣ್ಣು ತುಂಬಿ ಬಂತು. ಮೋಟಾರಿನಲ್ಲಿ ಯಾರೂ ಹೊತ್ತಾಯಿತು ಎನ್ನಲಿಲ್ಲ.

ಚಿಕ್ಕಮ್ಮನೂ ಇಷ್ಟು ವರ್ಷ ಇಲ್ಲಿ ಕಣ್ಣು ಮುಚ್ಚಿಕೊಂಡು ಟೊಂಗೆ ಎಸೆದು ಹೋದವರೇ ಎಂದು ಸಾಹೇಬರು ಮೆಲ್ಲಗೆ ಹೇಳಿದರು. ಈಗ ಅವರೂ ಇಳಿದು ಬಂದರು. ಹುಡುಗಿಯ ಬೆನ್ನ ಮೇಲೆ ಕೈಯಿಟ್ಟು, ಆ ನೆಲದತ್ತ ಬಾಗಿ, ಮನೆಯೊಳಗಿದ್ದವರನ್ನು ಕರೆಯುವ ದನಿಯಲ್ಲಿ ಹೇಳಿದರು:

“ಅಕ್ಕಾ, ನಿನ್ನ ಕೂಸು ಬಂತು ನೋಡೇ. ಬಾಣಂತನ ಆನು ಮಾಡ್ತೆ. ನೀ ಚಿಂತೆ ಮಾಡಡ.”