ಅಂಗಳಕ್ಕೆ ಥಳಿ, ಗಾಡಿಗೆ ನೀರು

ನಮ್ಮ ಗಾಡಿಗೆ ಇಪ್ಪತ್ತು ವರ್ಷ ದಾಟಿದೆ. ಅದರ ಎ.ಸಿ. ಸತ್ತು ಯಾವ ಕಾಲವಾಯಿತೋ, ಹಿಂದಿನ ಒಂದು ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಹಾರ್ನ್ ಮಾತ್ರ ಗಟ್ಟಿಯಾಗಿದೆ. ಇಚಲಕರಂಜಿಯಲ್ಲಿ ನೂಲಿನ ದಲಾಲಿ ಮಾಡುವ ನನ್ನಂಥವನಿಗೆ ಅಷ್ಟು ಸಾಕು. ಆದರೆ ಹೋದ ಚಳಿಗಾಲದಲ್ಲಿ ಎಂಜಿನ್ ತಂಪಾಗಿರಲೆಂದು ರೇಡಿಯೇಟರಿಗೆ ಹಾಕಿದ ಹಸಿರು ಕೂಲೆಂಟು ಕಾಣೆಯಾಗತೊಡಗಿತು. ಇವತ್ತು ತುಂಬಿಸಿದರೆ ನಾಲ್ಕು ದಿನದಲ್ಲಿ ತಳ ಕಾಣುತ್ತಿತ್ತು. ಎಲ್ಲಿಗೆ ಹೋಗುತ್ತಿದೆಯೆಂದು ಯಾರಿಗೂ ತಿಳಿಯಲಿಲ್ಲ.

ಅದರ ಬಿಸಿ ನಮಗೆ ಮೊದಲು ಮುಟ್ಟಿದ್ದು ತವಂದಿ ಘಾಟಿನಲ್ಲಿ. ನನ್ನ ಹೆಂಡತಿಯ ಅಕ್ಕನನ್ನು ಕೊಟ್ಟಿರುವುದು ಗಡಹಿಂಗ್ಲಜಕ್ಕೆ. ನಮ್ಮೂರಿನಿಂದ ಹೊರಟರೆ ನಿಪ್ಪಾಣಿಯಲ್ಲಿ ಕರ್ನಾಟಕ ಹೊಕ್ಕು, ಘಾಟು ಹತ್ತಿ, ಸಂಕೇಶ್ವರದಲ್ಲಿ ಹೊರಳಿ ಮತ್ತೆ ಮಹಾರಾಷ್ಟ್ರಕ್ಕೆ ಬರಬೇಕು. ಗಾಡಿ ಘಾಟಿನ ನಡುವೆ ಬಾನೆಟ್ಟಿನಿಂದ ಹೊಗೆ ಬಿಟ್ಟು ನಿಂತಿತು. ಕಬ್ಬಿನ ಲಾರಿಯವನೊಬ್ಬ ಕ್ಯಾನ್ ನೀರು ಕೊಟ್ಟ. ಹೆಂಡತಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, "ಮುಂದಿನ ಸಲ ನಾ ಎಸ್ಟಿ ಬಸ್ಸಿಗೆ ಹೋಗ್ತೇನ್ರಿ. ನೀವು ನಿಮ್ಮ ಗಾಡಿ ಕರ್ಕೊಂಡ ಬರ್ರಿ," ಎಂದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಧೈರ್ಯವಿರುತ್ತಿತ್ತು. ಶಾಂತವಾಗಿ ಹೇಳಿದಳು.

ಆ ಮುಂದಿನ ಸಲ ಬೇಗನೇ ಬಂತು. ಅಕ್ಕನ ಮಗಳ ಕುಬಸ ನಿಶ್ಚಯವಾಯಿತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ದಿನ. ಆ ಹುಡುಗಿ ಹತ್ತನೆಯ ತರಗತಿಯವರೆಗೆ ನಮ್ಮ ಮನೆಯಲ್ಲಿದ್ದು ಓದಿದವಳು, ಇದೇ ಗಾಡಿಯಲ್ಲಿ ಶಾಲೆಗೆ ಹೋದವಳು. ನಮಗೆ ಮಕ್ಕಳಿಲ್ಲ. ಅವಳೇ ಮಗಳು. "ಅಕಿ ಕುಬಸಕ್ಕ ಇಬ್ಬರೂ ಇದ ಗಾಡಿಯಾಗ ಹೋಗೂಣು. ಅಷ್ಟರಾಗ ಲೀಕ್ ಸಿಗಲಿಲ್ಲಂದ್ರ ಗಾಡಿ ಗುಜರಿಗೆ ಹಾಕಿಬಿಡ್ತೇನಿ," ಎಂದು ಊಟದ ತಾಟಿನ ಮುಂದೆ ಘೋಷಿಸಿದೆ. ಯಾರೂ ಕೇಳಿರಲಿಲ್ಲ. ಹೊಟ್ಟೆ ತುಂಬಿದಾಗ ಗಂಡಸರಿಗೆ ಬರುವ ಶೌರ್ಯ ಅದು.

ಓಣಿಯ ಮೆಕ್ಯಾನಿಕ್ ಗಾಡಿಯನ್ನು ಚಾಲೂ ಇಟ್ಟು, ಟಾರ್ಚು ಹಿಡಿದು, ಪೈಪುಗಳನ್ನೆಲ್ಲ ಸವರಿ ನೋಡಿದ. ಒಂದು ಹನಿಯೂ ಸಿಗಲಿಲ್ಲ. "ಶೇಟ್, ಲೀಕ್ ಕುಠಂಚ ನಾಹೀ," ಎಂದ. ಎಲ್ಲಿಯೂ ಸೋರದಿದ್ದರೆ ನೀರು ಹೋಗುವುದೆಲ್ಲಿಗೆ ಎಂದು ಕೇಳಿದ್ದಕ್ಕೆ, "ಇಂಜಿನಚ ಪಾಣಿ ಪಿತಂಯ," ಎಂದ. ಎಂಜಿನ್ನೇ ಒಳಗೊಳಗೆ ನೀರು ಕುಡಿಯುತ್ತಿದೆ, ಪೂರ್ತಿ ಬಿಚ್ಚಬೇಕು ಎಂದು ಅದರ ತಾತ್ಪರ್ಯ. ನಂಬದೆ ಕೊಲ್ಹಾಪುರಕ್ಕೆ ಹೋದೆ. ಅಲ್ಲಿ ರೇಡಿಯೇಟರ್ ಕೆಲಸಕ್ಕೆ ಹೆಸರಾದವನೊಬ್ಬನಿದ್ದಾನೆ. ಅಷ್ಟು ದೂರ ಓಡಿ ಚೆನ್ನಾಗಿ ಕಾದಿದ್ದ ಗಾಡಿಗೆ ಅವನು ಗಾಳಿಯ ಒತ್ತಡ ಕೊಟ್ಟು ಪರೀಕ್ಷೆ ಮಾಡಿ, ಎಲ್ಲವೂ ಗಟ್ಟಿಯಾಗಿದೆ ಎಂದು ಬೆನ್ನು ತಟ್ಟಿದ. ನನ್ನದಲ್ಲ, ಗಾಡಿಯದು. ಒಬ್ಬನ ಪ್ರಕಾರ ಗಾಡಿಗೆ ಸಾವು ಹತ್ತಿರ ಬಂದಿದೆ, ಇನ್ನೊಬ್ಬನ ಪ್ರಕಾರ ನೆಗಡಿಯೂ ಇಲ್ಲ. ನನ್ನ ಮಂಡಿನೋವಿಗೂ ಡಾಕ್ಟರುಗಳು ಹೀಗೇ ಹೇಳಿದ್ದರು.

ಕೊನೆಗೆ ಮೊಬೈಲಿನಲ್ಲಿ ವಿಡಿಯೊ ನೋಡಿ ನಾನೇ ವಿದ್ವಾಂಸನಾದೆ. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿಡಿ, ಬೆಳಿಗ್ಗೆ ಹನಿ ಬಿದ್ದ ಗುರುತು ನೋಡಿ ಎಂದು ಅದರಲ್ಲಿದ್ದವನು ಹೇಳಿದ. ನೂಲಿನ ಕೋನುಗಳು ಬರುವ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ, ಅಂಗಳದಲ್ಲಿ ನಿಲ್ಲಿಸಿದ್ದ ಗಾಡಿಯ ಮೂತಿಯ ಕೆಳಗೆ ಹಾಸಿ ಮಲಗಿದೆ. ಎದ್ದು ನೋಡಿದರೆ ರಟ್ಟೇ ಇಲ್ಲ. ಅಂಗಳಕ್ಕೆಲ್ಲ ನೀರಿನ ಥಳಿ ಹೊಡೆದು, ಬಾಗಿಲ ಮುಂದೆ ರಂಗೋಲಿ ಹಾಕಿ ಆಗಿತ್ತು. ರಟ್ಟು ಜಳಕದ ನೀರು ಕಾಯಿಸುವ ಬಂಬಿನ ಒಲೆಯೊಳಗಿತ್ತು.

"ಮುಂಜಾನೆ ಲಕ್ಷ್ಮಿ ಬರೂ ಹೊತ್ತಿಗೆ ಬಾಗಲ ಮುಂದ ಕಸ ಇಟ್ರ ಹೆಂಗ್ರಿ?" ಎಂದಳು ಹೆಂಡತಿ.

ಅದು ಕಸವಲ್ಲ, ವಿಜ್ಞಾನ ಎಂದು ನಾನು ಹೇಳಿದೆ. ಅವಳು ಚಹಾ ಕೊಟ್ಟಳು. ಮರುದಿನ ಇನ್ನೊಂದು ರಟ್ಟು ಹಾಸಬಹುದಿತ್ತು. ಆದರೆ ನನ್ನ ವಿಜ್ಞಾನಕ್ಕೆ ಮನೆಯಲ್ಲಿ ಮರ್ಯಾದೆ ಇಲ್ಲವೆಂದು ಮುನಿಸಿಕೊಂಡು ಹಾಸಲಿಲ್ಲ.

ಕುಬಸದ ಹಿಂದಿನ ದಿನ ಹೆಂಡತಿ ಹಸಿರು ಸೀರೆ, ಬಳೆ, ಉಡಿಯ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿದಳು. ನಾನು ಬಾನೆಟ್ಟು ಎತ್ತಿ ನೋಡಿದೆ. ಕೂಲೆಂಟು ಮತ್ತೆ ಇಳಿದಿತ್ತು. ಅವಳೂ ಹಿಂದೆ ಬಂದು ಇಣುಕಿ, ಒಳಗೆ ಹೋಗಿ ಚಪ್ಪಲಿ ಮೆಟ್ಟಿ ಚೀಲ ಹಿಡಿದುಕೊಂಡು ಬಂದಳು. ಬಸ್ ಸ್ಟ್ಯಾಂಡಿನವರೆಗೆ ಬಿಡುತ್ತೇನೆ ಎಂದೆ. "ಬ್ಯಾಡ್ರಿ, ಅಲ್ಲೀತನಕನರ ಮುಟ್ಟಬೇಕಲ್ಲ," ಎಂದು ರಿಕ್ಷಾ ಹತ್ತಿದಳು.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಏನೋ ಕೊರತೆ. ಕಸಬರಿಗೆಯ ಸದ್ದಿಲ್ಲ, ಕೊಡದಿಂದ ನೀರು ಮೊಗೆದು ಚೆಲ್ಲುವ ಸದ್ದಿಲ್ಲ. ಅವಳಿಲ್ಲದ ಮನೆ ಎಷ್ಟು ಬಿಕೋ ಎನ್ನುತ್ತದೆ ಎಂಬುದು ಒಂದೇ ರಾತ್ರಿಗೆ ಗೊತ್ತಾಗಿತ್ತು, ಅದನ್ನು ಅವಳಿಗೆ ಹೇಳುವಷ್ಟು ದೊಡ್ಡವನು ನಾನಲ್ಲ. ಬಾಗಿಲು ತೆರೆದೆ. ಅಂಗಳ ಒಣಒಣ ಧೂಳು. ಆ ಧೂಳಿನಲ್ಲಿ, ಗಾಡಿಯ ಮೂತಿಯ ನೇರ ಕೆಳಗೆ, ಅಂಗೈಯಗಲದ ಹಸಿರು ಕಲೆ.

ಅಂಗಾತ ಮಲಗಿ ಕೆಳಗೆ ತೂರಿದೆ. ಕೆಳಗಿನ ಪೈಪು ರೇಡಿಯೇಟರಿಗೆ ಕೂಡುವಲ್ಲಿ ಕ್ಲಿಪ್ಪು ಸಡಿಲಾಗಿತ್ತು. ಗಾಡಿ ಕಾದಾಗ ರಬ್ಬರು ಹಿಗ್ಗಿ ಸಂದು ಮುಚ್ಚುತ್ತಿತ್ತು, ಆದ್ದರಿಂದ ಯಾವ ಗ್ಯಾರೇಜಿನಲ್ಲೂ ಅದು ಸೋರಲಿಲ್ಲ. ಚಳಿಗೆ ಕುಗ್ಗಿ ರಾತ್ರಿಯಿಡೀ ತೊಟ್ಟಿಕ್ಕುತ್ತಿತ್ತು. ಬೆಳಗಾಗುವುದರೊಳಗೆ ನಮ್ಮ ಮನೆಯ ಲಕ್ಷ್ಮಿಯ ಸ್ವಾಗತದಲ್ಲಿ ಎಲ್ಲ ತೊಳೆದುಹೋಗುತ್ತಿತ್ತು. ಇಕ್ಕಳ ಹಿಡಿದು ಕ್ಲಿಪ್ಪನ್ನು ಬಿಗಿ ಮಾಡಿದೆ, ಕೂಲೆಂಟು ತುಂಬಿಸಿದೆ, ಮೈಯೆಲ್ಲ ಧೂಳಾಗಿದ್ದರಿಂದ ಎರಡು ತಂಬಿಗೆ ತಣ್ಣೀರು ಸುರಿದುಕೊಂಡು ಹೊರಟೆ. ತವಂದಿ ಘಾಟಿನಲ್ಲಿ ರಸ್ತೆಗಿಂತ ಹೆಚ್ಚು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನೇ ನೋಡಿದೆ. ಅದು ಅಲುಗಲಿಲ್ಲ. ಹೆಂಡತಿ ಕೂತಿದ್ದ ಆ ಕಲ್ಲಿನ ಹತ್ತಿರ ಸುಮ್ಮನೆ ಒಮ್ಮೆ ಹಾರ್ನ್ ಹೊಡೆದೆ.

ಗಡಹಿಂಗ್ಲಜ ಮುಟ್ಟಿದಾಗ ಉಡಿ ತುಂಬಿ ಮುಗಿದು ಪಂಕ್ತಿ ಹಾಕಿದ್ದರು. ಮಗಳು ಹಸಿರು ಸೀರೆಯಲ್ಲಿ ಕೂತಿದ್ದಳು. ಕಣ್ಣಲ್ಲಿ ನೀರು ಬಂತು, ಬಿಸಿಲು ಎಂದೆ. ಆಮೇಲೆ ಎಲ್ಲರೂ ಕೇಳುವಂತೆ ಲೀಕು ಸಿಕ್ಕ ಕಥೆ ಹೇಳಿದೆ. ಹೆಂಡತಿ ಹೋಳಿಗೆ ಬಡಿಸುತ್ತ, "ಹಸರ ನೀರಲ್ರಿ? ದಿನಾ ಅಂಟಂಟ ಇರತಿತ್ತು. ನಾ ಹೇಳಿದ್ರ ಎ.ಸಿ. ನೀರಂತ ಅಂದ್ರಿ," ಎಂದಳು.

ಅಂದದ್ದು ನಿಜ. ಸತ್ತ ಎ.ಸಿ.ಗೆ ನೀರೆಲ್ಲಿಯದು?

"ಆ ರಟ್ಟೂ ತೊಯ್ದಿತ್ತ ನೋಡ್ರಿ. ಬಂಬಿಗೆ ಭಾಳ ಹೊತ್ತ ಹತ್ತಲೇ ಇಲ್ಲ," ಎಂದು ಇನ್ನೊಂದು ಹೋಳಿಗೆ ಹಾಕಿದಳು.

"ಬಗಲಾಗ ಕೂಸ ಇಟ್ಕೊಂಡ ಊರೆಲ್ಲಾ ಹುಡಿಕಿದ್ರಂತ," ಎಂದಳು ಅಕ್ಕ. ಪಂಕ್ತಿಯೆಲ್ಲ ನಕ್ಕಿತು. ಬಸುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಂಜೆ ಅಕ್ಕ ಇನ್ನೆರಡು ದಿನ ಇರೆಂದು ತಂಗಿಯ ಕೈ ಹಿಡಿದಳು. ಎಸ್ಟಿ ಬೆಳಿಗ್ಗೆಯೂ ಇದೆ ಎಂದಳು. ನಾನು ಗಾಡಿಯ ಪಕ್ಕ ನಿಂತು, ಟಾಯರಿಗೆ ಗಾಳಿ ಇದೆಯೇ ಎಂದು ಒದ್ದು ನೋಡುವವನಂತೆ ನಟಿಸುತ್ತಿದ್ದೆ. ಹೆಂಡತಿ ನಲ್ಲಿಯಲ್ಲಿ ದೊಡ್ಡ ಬಾಟಲಿಗಳಿಗೆ ನೀರು ತುಂಬಿಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತಳು. ಇಚಲಕರಂಜಿಯವರೆಗೂ ಅವು ಅವಳ ತೊಡೆಯ ಮೇಲೇ ಇದ್ದವು. ಒಂದರ ಮುಚ್ಚಳವನ್ನೂ ತೆರೆಯಬೇಕಾಗಲಿಲ್ಲ.

ಮರುದಿನ ಥಳಿಯ ಸದ್ದಿಗೆ ಎಚ್ಚರವಾಗಿ ಹೊರಗೆ ಬಂದೆ. ಅಂಗಳ ಪೂರ್ತಿ ತೊಯ್ದಿತ್ತು. ಗಾಡಿಯ ಮೂತಿಯ ಕೆಳಗೆ ಮೊರದಗಲ ಜಾಗ ಮಾತ್ರ ಒಣಗಿತ್ತು.

"ನೋಡ್ಕೋರಿ, ಆಮ್ಯಾಲೆ ನನ್ನ ಮ್ಯಾಲ ಹಾಕಬ್ಯಾಡ್ರಿ," ಎಂದಳು.

ಬಗ್ಗಿ ನೋಡಿದೆ. ಒಂದು ಹನಿಯೂ ಇರಲಿಲ್ಲ. ಅವಳು ಇಂದಿಗೂ ಆ ಜಾಗಕ್ಕೆ ನೀರು ಹಾಕುವುದಿಲ್ಲ. ಲಕ್ಷ್ಮಿ ಬರುವ ದಾರಿಯಲ್ಲಿ ಅಷ್ಟು ಜಾಗವನ್ನು ನನ್ನ ಗಾಡಿಗೆ ಬಿಟ್ಟುಕೊಟ್ಟಿದ್ದಾಳೆ.