ಅಮ್ಮ ಉಟ್ಟು ತೋರಿಸ್ತಿದ್ದ ಸೀರೆ

ನನ್ನ ಮೊದಲ ಪುಸ್ತಕದ ಬಾಕ್ಸ್ ಬಿಚ್ಚಿದಾಗ ಯಾಕೋ ಹೊಸ ಸೀರೆಯ ವಾಸನೆ ನೆನಪಾಯ್ತು. "ನನ್ನ ಪುಸ್ತಕ ಕೊಳ್ಳಿ" ಅಂತ ಯಾರನ್ನಾದ್ರೂ ಕೇಳೋಕೆ ನನಗೆ ವಿಪರೀತ ನಾಚಿಕೆ.

ದೊಡ್ಡಬಳ್ಳಾಪುರದಲ್ಲಿ ಅಪ್ಪ ಹೊಸ ಡಿಸೈನ್ ನೇಯ್ದರೆ ಮೊದಲ ಸೀರೆ ಅಮ್ಮನಿಗೆ. ಗರಿಗರಿ ಸೀರೆ ಉಟ್ಟು ಹೋದ ಮದುವೇಲಿ ಅಮ್ಮ ಅಡುಗೆಮನೆ ಕಡೆ ಸುಳೀತಿರಲಿಲ್ಲ. ಬಂದವರಿಗೆ ಪನ್ನೀರು ಚಿಮುಕಿಸೋಕೆ, ಎಲ್ಲರ ಕಣ್ಣಿಗೂ ಬೀಳೋ ಹಾಗೆ ಬಾಗಿಲಲ್ಲೇ ನಿಲ್ಲೋಳು. ಸೀರೆ ಬಗ್ಗೆ ತುಟಿ ಬಿಚ್ತಿರಲಿಲ್ಲ. ಯಾರಾದ್ರೂ ಸೆರಗು ಮುಟ್ಟಿ, "ಎಲ್ಲಿ ತಗೊಂಡ್ರಿ ಅಕ್ಕಾ?" ಅಂದ್ರೆ ಮಾತ್ರ, "ನಮ್ಮ ಮಗ್ಗದ್ದೇ ಕಣಮ್ಮ, ಮನೆಗೆ ಬಾ" ಅನ್ನೋಳು.

ಇವತ್ತು ನೆಲಮಂಗಲದ ಬಸ್ಸಲ್ಲಿ ನನ್ನ ಪುಸ್ತಕವನ್ನ ಮುಖಪುಟ ಕಾಣೋ ಹಾಗೆ ಹಿಡಿದು ನಾನೇ ಓದ್ತಾ ಕೂತೆ. ಪಕ್ಕದ ಹುಡುಗಿ ಬಗ್ಗಿ ನೋಡಿ, "ಚೆನ್ನಾಗಿದೆ, ಎಲ್ಲಿ ಸಿಗುತ್ತೆ ಆಂಟಿ?" ಅಂದಳು. ಅಬ್ಬಾ, ಎದೆ ಹಗುರಾಯ್ತು.

"ನಮ್ಮ ಮಗ್ಗದ್ದೇ ಕಣಮ್ಮ" ಅಂದೆ.