ಸಾಯಬಣ್ಣನಿಗೆ ಹಿಡಿಸದ ಸಿನೆಮಾ

ಕಮಲಾಪುರದ ಸಾಯಬಣ್ಣ ಮೆಚ್ಚಿದ ಸಿನೆಮಾ ಒಂದೂ ಇರಲಿಲ್ಲ. ಕೆಂಪು ಬಾಳೆಹಣ್ಣು ಮಾರಲು ಕಲಬುರಗಿಗೆ ಬಂದಾಗಲೆಲ್ಲ ಕಣ್ಣು ಕಾಣದ ತಾಯಿ ಸೂಗಮ್ಮನನ್ನು ಸ್ಟೇಶನ್ ಬಜಾರದ ಟಾಕೀಸಿಗೆ ಕರೆತರುತ್ತಿದ್ದ. ಹೆಂಗಸರ ಜಾಗಕ್ಕೆ ಪರದೆ ಕಟ್ಟುತ್ತಿದ್ದ ಕಾಲವದು. ಆದ್ದರಿಂದ ಈಚೆಯಿಂದಲೇ ಕೂಗಿ ಅವಳಿಗೆ ಕಥೆ ಹೇಳುತ್ತಿದ್ದ. ಪೌರಾಣಿಕವಾದರೆ, “ಅವ್ವಾ, ಋಷಿ ಗಡ್ಡ ಒಂದ ಕಡಿ ಕಿತ್ತದ!” ಹೊಡೆದಾಟದ್ದಾದರೆ, “ಕುದುರಿ ಸುಸ್ತಾಗ್ಯಾದ, ಇವನ ಟೊಪಗಿ ಅಲುಗವಲ್ದು!” ಪ್ರೇಮದ್ದಾದರೆ, “ಅಕಿ ತಬ್ಬಿಕೊಂಡಿದ್ದು ರಟ್ಟಿನ ಗಿಡ!” “ಚುಪ್ ಬೈಠೋ, ಮಿಯಾ!” ಎಂದು ಜನ ಗದರಿದರೂ ಅವನು ಲೆಕ್ಕಿಸುತ್ತಿರಲಿಲ್ಲ. ರಜಾಕಾರರ ಗದ್ದಲದಲ್ಲಿ ಹಿರಿಯ ಮಗ ಸತ್ತ ಮೇಲೆ ನಗುವುದನ್ನೇ ಬಿಟ್ಟಿದ್ದ ಸೂಗಮ್ಮ, ಸಾಯಬಣ್ಣ ಹೀಗೆ ಸಿನೆಮಾವನ್ನು ಬೈಯುವುದಕ್ಕೆ ಮಾತ್ರ ಪರದೆಯಾಚೆ ಕಿಲಕಿಲ ನಗುತ್ತಿದ್ದಳು. ಪೊಲೀಸ್ ಕಾರ್ಯಾಚರಣೆ ನಡೆದು ರಜಾಕಾರರು ಅಡಗಿದ ಮರುವರ್ಷ ಒಂದು ದಿನ ನಾನೂ ಅವನ ಪಕ್ಕದಲ್ಲಿದ್ದೆ. ತೆರೆಯ ಮೇಲೆ ತಾಯಿಯೊಬ್ಬಳು ಮಗನ ಹೆಣದ ಮೇಲೆ ಬಿದ್ದು ಅಳತೊಡಗಿದಳು. “ಯಾಕ ಸುಮ್ಮನಾದಿ? ಏನಾತೋ?” ಎಂದಳು ಸೂಗಮ್ಮ ಆಚೆಯಿಂದ. ಸಾಯಬಣ್ಣ ಕಣ್ಣೊರೆಸಿಕೊಂಡು ಕೂಗಿದ: “ಸತ್ತಾಂವನ ಹೊಟ್ಟಿ ಉಸಿರಾಡಾಕತ್ತದ ಅವ್ವಾ! ಥೂ, ಸುಳ್ಳ ಹೆಣ!” ಅವಳು ನಕ್ಕಳು. ನಾನು ಕಣ್ಣಗಲಿಸಿ ನೋಡಿದೆ; ಆ ಹೊಟ್ಟೆ ಅಲುಗುತ್ತಿರಲಿಲ್ಲ.